ಕೀಟಗಳ ಮುಪ್ಪು ಮತ್ತು ಉತ್ಕರ್ಷಣ ನಿರೋಧಕಗಳು

ಉತ್ಕರ್ಷಣ ನಿರೋಧಕ ಜೀವಸತ್ವಗಳು, ಮುಖ್ಯವಾಗಿ 'ಸಿ' ಮತ್ತು 'ಇ', ಕೀಟಗಳ ಮುಪ್ಪನ್ನು ಮುಂದೂಡಬಲ್ಲವೇ ಎಂಬುದು ಜೀವವಿಜ್ಞಾನದಲ್ಲಿ ದೀರ್ಘಕಾಲದಿಂದ ಚರ್ಚೆಯಲ್ಲಿರುವ ಪ್ರಶ್ನೆ. ಈ ಸಂಬಂಧದ ಪ್ರಯೋಗಗಳು ಬಹುಪಾಲು ನಡೆದಿರುವುದು ಡ್ರೊಸೊಫಿಲ ಮೆಲನೊಗ್ಯಾಸ್ಟರ್ ಎಂಬ ಹಣ್ಣುನೊಣದ ಮೇಲೆ. ಕಳಿತ ಬಾಳೆಹಣ್ಣಿಗೆ ಮುತ್ತುವ ಈ ಪುಟ್ಟ ನೊಣವು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 2-3 ತಿಂಗಳು ಮಾತ್ರ ಬದುಕುವುದರಿಂದ ಅದರ ಇಡೀ ಜೀವಿತವನ್ನು ಅಲ್ಪಕಾಲದಲ್ಲಿ ಗಮನಿಸಬಹುದು.

ಸಿದ್ಧಾಂತ

1956ರಲ್ಲಿ ಅಮೆರಿಕದ ಡೆನ್ಹಮ್ ಹಾರ್ಮನ್ ಅವರು ಮುಪ್ಪಿನ ಮುಕ್ತ ರ್‍ಯಾಡಿಕಲ್ ಸಿದ್ಧಾಂತವನ್ನು ಮಂಡಿಸಿದರು. ಜೀವಕೋಶಗಳು ಆಮ್ಲಜನಕವನ್ನು ಬಳಸುವಾಗ ಉಪೋತ್ಪನ್ನವಾಗಿ ಹುಟ್ಟುವ ಚುರುಕಾದ ಕಣಗಳು ಕೊಬ್ಬು, ಪ್ರೋಟೀನು ಮತ್ತು ಡಿಎನ್ಎಗಳನ್ನು ಕೆಡಿಸುತ್ತವೆ; ಈ ಹಾನಿ ಕೂಡುತ್ತ ಹೋಗುವುದೇ ಮುಪ್ಪು ಎಂಬುದು ಇದರ ಸಾರ. ಹಾಗಿದ್ದಲ್ಲಿ ಆ ಕಣಗಳನ್ನು ತಣಿಸುವ ಜೀವಸತ್ವಗಳಿಂದ ಆಯಸ್ಸು ಹೆಚ್ಚಬೇಕಷ್ಟೆ.

ಪ್ರಯೋಗಗಳು

ನೊಣಗಳ ಆಹಾರದಲ್ಲಿ ಜೀವಸತ್ವಗಳನ್ನು ಬೆರೆಸಿದ ಪ್ರಯೋಗಗಳ ಫಲಿತಾಂಶಗಳು ಒಂದೇ ತೆರನಾಗಿಲ್ಲ. ಕೆಲವೆಡೆ ಆಯಸ್ಸು ತುಸು ಹೆಚ್ಚಿದರೆ, ಹಲವೆಡೆ ಬದಲಾಗಿಲ್ಲ. ಪ್ರಮಾಣ ಅತಿಯಾದಾಗ ಕುಗ್ಗಿದ್ದೂ ಉಂಟು. ಆಯಸ್ಸು ಹೆಚ್ಚಿದಾಗಲೂ ಅದರ ಶ್ರೇಯಸ್ಸು ಜೀವಸತ್ವಕ್ಕೇ ಸಲ್ಲಬೇಕೆಂದಿಲ್ಲ. ಬೆರಕೆಯಿಂದ ರುಚಿಗೆಟ್ಟ ಆಹಾರವನ್ನು ನೊಣ ಕಡಿಮೆ ತಿನ್ನಬಹುದು, ಮಿತಾಹಾರವೊಂದೇ ಅದರ ಆಯಸ್ಸನ್ನು ಹೆಚ್ಚಿಸಬಲ್ಲದು. ಉಷ್ಣತೆ ಇಳಿದರೂ ನೊಣ ಹೆಚ್ಚು ಕಾಲ ಬದುಕುತ್ತದೆ. ತಿಂದ ಆಹಾರವನ್ನು ಅಳೆಯದೆ ಬರೀ ಸತ್ತ ನೊಣಗಳನ್ನು ಎಣಿಸಿದ ಪ್ರಯೋಗವನ್ನು ಆದ್ದರಿಂದ ಪೂರ್ಣವಾಗಿ ನಂಬಲಾಗದು.

1994ರಲ್ಲಿ ವಿಲಿಯಂ ಆರ್ ಮತ್ತು ರಾಜಿಂದರ್ ಸೋಹಲ್ ಬೇರೆ ದಾರಿ ಹಿಡಿದರು. ದೇಹವೇ ತಯಾರಿಸುವ ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಮತ್ತು ಕ್ಯಾಟಲೇಸ್ ಕಿಣ್ವಗಳ ಜೀನುಗಳನ್ನು ನೊಣಗಳಿಗೆ ಹೆಚ್ಚುವರಿಯಾಗಿ ಸೇರಿಸಿದಾಗ ಆಯಸ್ಸು ಮೂರನೆಯ ಒಂದು ಭಾಗದಷ್ಟು ಹೆಚ್ಚಿತೆಂದು ವರದಿ ಮಾಡಿದರು. ಆದರೆ ಸಹಜವಾಗಿಯೇ ದೀರ್ಘಾಯುಗಳಾದ ತಳಿಗಳಲ್ಲಿ ಇಂಥ ಲಾಭ ಕಾಣಲಿಲ್ಲವೆಂದು 2003ರಲ್ಲಿ ಅದೇ ತಂಡ ತಿಳಿಸಿತು. ಸ್ವಂತ ಫಲಿತಾಂಶವನ್ನೇ ಹೀಗೆ ಮರುಪರೀಕ್ಷಿಸಿದ್ದು ಉಲ್ಲೇಖಾರ್ಹ.

ಇರುವೆಗಳು

ಲೇಸಿಯಸ್ ನೈಗರ್ ಎಂಬ ಕಪ್ಪಿರುವೆಯ ರಾಣಿ ಸಾಕಿದ ಸ್ಥಿತಿಯಲ್ಲಿ 28 ವರ್ಷ ಬದುಕಿದ ದಾಖಲೆಯಿದೆ. ಕೆಲಸಗಾರ ಇರುವೆಗಳ ಆಯಸ್ಸು ಅದಕ್ಕಿಂತ ಬಹಳ ಕಡಿಮೆ. ರಾಣಿಯಲ್ಲಿ ರಕ್ಷಕ ಕಿಣ್ವ ಹೆಚ್ಚಿರಬಹುದೆಂಬ ನಿರೀಕ್ಷೆ ಸುಳ್ಳಾಯಿತು: ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಜೀನಿನ ಚಟುವಟಿಕೆ ಆಕೆಯಲ್ಲಿ ಕೆಲಸಗಾರರಿಗಿಂತಲೂ ಕಡಿಮೆಯೆಂದು 2004ರ ಅಧ್ಯಯನವೊಂದು ತೋರಿಸಿತು.

ಮಾನವ ಬಳಕೆ

ಮುಪ್ಪು ತಡೆಯುತ್ತವೆಂಬ ನಂಬಿಕೆಯಿಂದ ಈ ಜೀವಸತ್ವಗಳ ಗುಳಿಗೆಗಳನ್ನು ಕೊಳ್ಳುವವರು ಅನೇಕರು. ಮನುಷ್ಯರ ಮೇಲಿನ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಬೀಟಾ ಕ್ಯಾರೊಟಿನ್, 'ಎ' ಮತ್ತು 'ಇ' ಜೀವಸತ್ವಗಳ ಪೂರಕಗಳು ಸಾವಿನ ಪ್ರಮಾಣವನ್ನು ಸ್ವಲ್ಪ ಹೆಚ್ಚಿಸಬಹುದು. 'ಸಿ' ಜೀವಸತ್ವದಿಂದ ಆಯಸ್ಸು ಹೆಚ್ಚಿದ್ದಕ್ಕೆ ಪುರಾವೆ ಸಿಗಲಿಲ್ಲ.