ಇ-ರೀಡರ್ ಪರದೆ ಎಷ್ಟು ದೊಡ್ಡದಿರಬೇಕು?

ಕುಣಿಗಲ್‌ನ ನಿವೃತ್ತ ಮೇಷ್ಟ್ರೊಬ್ಬರು ಚೀಲದಿಂದ ಇ-ರೀಡರ್ ತೆಗೆದು ನನ್ನ ಮೇಜಿನ ಮೇಲಿಟ್ಟರು. "ಮಗ ತಂದುಕೊಟ್ಟ, ಡಾಕ್ಟ್ರೇ. ಹತ್ತು ನಿಮಿಷ ಓದಿದರೆ ಹಣೆ ಸಿಡಿಯುತ್ತೆ. ಇನ್ನು ನನ್ನ ಓದು ಮುಗೀತು ಅಂತ ಕಾಣುತ್ತೆ" ಎಂದರು. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಓದಿಸಿದವರ ಬಾಯಲ್ಲಿ ಈ ಮಾತು!

ತೆರೆದು ನೋಡಿದೆ. 6 ಇಂಚಿನ ಪರದೆ, ಅದರಲ್ಲಿ ಹಳೆಯ ಪುಸ್ತಕವೊಂದರ ಸ್ಕ್ಯಾನ್ ಪ್ರತಿ. ಅರ್ಧ ತೊಂದರೆ ಅಲ್ಲೇ ಇತ್ತು.

ಪರದೆಯ ಅಳತೆಯನ್ನು ಮೂಲೆಯಿಂದ ಮೂಲೆಗೆ ಹೇಳುತ್ತಾರೆ. 6 ಇಂಚು ಎಂದರೆ ಸುಮಾರು 9 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಎತ್ತರ. ನಮ್ಮ ಕನ್ನಡ ಪುಸ್ತಕಗಳು ಹೆಚ್ಚಾಗಿ ಬರುವ ಡೆಮಿ 1/8 ಆಕಾರದ ಪುಟ ಸುಮಾರು 14 ಸೆಂಟಿಮೀಟರ್ ಅಗಲ, 21 ಎತ್ತರ. ಇದನ್ನು ಅದರೊಳಗೆ ತುರುಕಿದರೆ ಅಕ್ಷರ ಮೂರರಲ್ಲಿ ಎರಡು ಪಾಲಿಗಿಂತಲೂ ಚಿಕ್ಕದಾಗುತ್ತದೆ. ಇಂಗ್ಲಿಷಿನವರು ಹೇಗೋ ಸುಧಾರಿಸಿಕೊಳ್ಳಬಹುದು. ನಮ್ಮದು ಒತ್ತಕ್ಷರಗಳ ಲಿಪಿ. 'ಸ್ವಾತಂತ್ರ್ಯ' ಎಂಬ ಪದದ ಬುಡದಲ್ಲಿ ಏನೇನಿದೆ ನೋಡಿ. 'ಪ'ಕ್ಕೂ 'ಫ'ಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಗೆರೆ.

ನಲವತ್ತು ದಾಟಿದ ಮೇಲೆ ಕಣ್ಣಿನೊಳಗಿನ ಮಸೂರ ಗಡುಸಾಗಿ, ಹತ್ತಿರದ್ದಕ್ಕೆ ಬಾಗುವ ಶಕ್ತಿ ಕಳೆದುಕೊಳ್ಳುತ್ತದೆ. ಇದೇ ಚಾಳೀಸು. ಸಣ್ಣ ಅಕ್ಷರ ಕಂಡಾಗ ನೀವು ಯಂತ್ರವನ್ನು ಮೂಗಿನ ಹತ್ತಿರ ತರುತ್ತೀರಿ, ಆದರೆ ಕನ್ನಡಕ ಹೊಂದಿರುವುದು ಒಂದೂಕಾಲು ಅಡಿಯ ಅಂತರಕ್ಕೆ. ಈ ಜಗ್ಗಾಟದಲ್ಲೇ ತಲೆನೋವು ಹುಟ್ಟುವುದು.

ಹಾಗೆಂದು ಎಲ್ಲರೂ ದೊಡ್ಡದನ್ನೇ ಕೊಳ್ಳಬೇಕಿಲ್ಲ. ಗುಬ್ಬಿಯಿಂದ ತುಮಕೂರಿಗೆ ದಿನವೂ ರೈಲಿನಲ್ಲಿ ಬಂದು ಹೋಗುವ ಹೆಣ್ಣುಮಗಳಿಗೆ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಪುಸ್ತಕ. ಅವರಿಗೆ 6 ಅಥವಾ 7 ಇಂಚಿನದೇ ಲೇಸು. ಇ-ಪುಸ್ತಕವೆಂದೇ ತಯಾರಾದದ್ದರಲ್ಲಿ ಅಕ್ಷರ ಹಿಗ್ಗಿಸಿದಂತೆ ಸಾಲುಗಳೂ ಹೊಂದಿಕೊಳ್ಳುತ್ತವೆ. ಸ್ಕ್ಯಾನ್ ಪ್ರತಿಯಲ್ಲಿ ಆ ಅನುಕೂಲವಿಲ್ಲ. ಹಿಗ್ಗಿಸಿದರೆ ಸಾಲು ಪರದೆಯಾಚೆ ಓಡುತ್ತದೆ. ಹಳೆಯ ಪುಸ್ತಕಗಳ ಸ್ಕ್ಯಾನ್ ಓದುವವರಿಗೆ ಅಂಚು ಕತ್ತರಿಸಿ ನೋಡಿದರೂ 8 ಇಂಚಿನ ಆಸುಪಾಸು ಬೇಕು, 10 ಇಂಚಾದರೆ ಇಡೀ ಪುಟ ಮೂಲದಷ್ಟೇ ಕಾಣುತ್ತದೆ. ಆದರೆ ದೊಡ್ಡದು ಭಾರ. ಮಲಗಿಕೊಂಡು ಎತ್ತಿ ಹಿಡಿದರೆ ಹೆಬ್ಬೆರಳಿನ ಬುಡ, ಮಣಿಕಟ್ಟು ನೋಯುತ್ತವೆ. ಮೇಜಿನ ಮೇಲೆ ಒರಗಿಸಿಯೋ, ತೊಡೆಯ ಮೇಲಿನ ದಿಂಬಿಗೆ ಆನಿಸಿಯೋ ಓದಿ.

ಅಂಗಡಿಗೆ ಹೋಗುವ ಮುನ್ನ ಒಂದು ಪರೀಕ್ಷೆ ಮಾಡಿ. ಹಳೆಯ ಲಗ್ನಪತ್ರಿಕೆಯಲ್ಲಿ 9ಕ್ಕೆ 12 ಸೆಂಟಿಮೀಟರಿನ ಕಿಟಕಿ ಕತ್ತರಿಸಿ, ನಿಮಗೆ ಓದಲು ಹಿತವಾಗುವ ದಪ್ಪಕ್ಷರದ ಪುಸ್ತಕದ ಮೇಲಿಡಿ. ಸಾಲಿಗೆ ಎರಡು ಪದವಷ್ಟೇ ಕಂಡರೆ ಆ ಪರದೆ ನಿಮಗೆ ಸಾಲದು.

ಇದಕ್ಕೂ ಮುಂಚೆ ಕಣ್ಣು ತೋರಿಸಿಕೊಳ್ಳಿ. ಪೊರೆ ಬರುತ್ತಿದ್ದರೆ ಎಷ್ಟು ದೊಡ್ಡ ಪರದೆಯೂ ಮಂಜೇ. ಸಕ್ಕರೆ ಕಾಯಿಲೆ ಇದ್ದವರಿಗೆ ಸಕ್ಕರೆ ಏರಿಳಿದಂತೆ ಕನ್ನಡಕದ ನಂಬರೂ ಏರಿಳಿಯುತ್ತದೆ, ಅದು ಹತೋಟಿಗೆ ಬಂದ ಮೇಲೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಯಾವ ಪರದೆಯಾದರೂ ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ದೂರದ ಮರ ನೋಡಿ, ಕಣ್ಣು ಮಿಟುಕಿಸಿ.

ನಮ್ಮ ಮೇಷ್ಟ್ರ ಕನ್ನಡಕಕ್ಕೆ ಆರು ವರ್ಷವಾಗಿತ್ತು. ನಂಬರು ಬದಲಾಯಿತು. 6 ಇಂಚಿನದು ಈಗ ಮೊಮ್ಮಗಳ ಪಾಲಾಗಿದೆ. ಅವರು 10 ಇಂಚಿನದನ್ನು ಜಗುಲಿಯ ಬೆಳಕಿನಲ್ಲಿ ದಿಂಬಿನ ಮೇಲಿಟ್ಟುಕೊಂಡು ಓದುತ್ತಾರೆ.