ಗಾಮ ಬರುವ ಮೊದಲೇ ಇದ್ದ ದಾರಿ

ಸೌತ್‌ಫೀಲ್ಡ್, ನೋವೈ, ಟ್ರಾಯ್ ಕಡೆಯ ಕನ್ನಡದ ಮನೆಗಳಲ್ಲಿ ನಿವೃತ್ತರಾದವರಿಗೆ ಈಗ ಅಟ್ಲಾಂಟಿಕ್ ದಾಟುವ ಕ್ರೂಸ್ ಮೇಲೆ ಮನಸ್ಸು. ಕೆರಿಬಿಯನ್ನಿನಲ್ಲಿ ಚಳಿಗಾಲ ಕಳೆದ ಹಡಗುಗಳು ಏಪ್ರಿಲ್ ಹೊತ್ತಿಗೆ ಯುರೋಪಿನತ್ತ ಹೊರಡುತ್ತವೆ. ಡೆಟ್ರಾಯಿಟ್‌ನಿಂದ ಫ್ಲೋರಿಡಾಕ್ಕೆ ಹಾರಿ ಹಡಗು ಹತ್ತಿದರೆ ಅಝೋರ್ಸ್, ಲಿಸ್ಬನ್, ಕಾದಿಜ್ ನೋಡಿಕೊಂಡು ಬಾರ್ಸಿಲೋನಾದಲ್ಲಿ ಇಳಿಯಬಹುದು. ಹೋಗಿ ಬಂದವರು ಫೋಟೊ ತೋರಿಸುವಾಗ ಲಿಸ್ಬನ್ನಿನ ಬೆಲೆಮ್ ಬಂದೇ ಬರುತ್ತದೆ. ಅದರ ಹಿಂದೆಯೇ ಈ ಮಾತು: "ಭಾರತಕ್ಕೆ ಸಮುದ್ರಮಾರ್ಗ ಕಂಡುಹಿಡಿದ ವಾಸ್ಕೋ ಡ ಗಾಮ ಹೊರಟಿದ್ದು ಇಲ್ಲಿಂದಲೇ." ಮೊಮ್ಮಕ್ಕಳು ತಲೆಯಾಡಿಸುತ್ತಾರೆ. ಹೇಳುವವರು ಹೊನ್ನಾವರ, ಮಂಗಳೂರು, ಕಾರವಾರದವರೇ ಆದಾಗಲಂತೂ ನನಗೆ ಸಿಟ್ಟು ತಡೆಯುವುದಿಲ್ಲ.

ಗಾಮನಿಗೆ ಸಲ್ಲಬೇಕಾದದ್ದು ಸಲ್ಲಲಿ. 1497ರ ಜುಲೈ 8ರಂದು ಲಿಸ್ಬನ್ ಬಿಟ್ಟವನು ಕೇಪ್ ವರ್ಡೆ ದ್ವೀಪಗಳ ಆಚೆ ಆಫ್ರಿಕಾದ ದಡ ಹಿಡಿಯದೆ ಅಟ್ಲಾಂಟಿಕ್‌ನ ಒಡಲೊಳಗೆ ಬಳಸಿ ಹೋದ. ಆಗಸ್ಟ್ ಆರಂಭದಿಂದ ನವೆಂಬರ್ ಆರಂಭದವರೆಗೆ ಅವನ ಜನ ನೆಲ ಕಾಣಲಿಲ್ಲ. ಅದು ನಿಜವಾದ ಸಾಹಸ. ಆದರೆ ಆಫ್ರಿಕಾದ ಪೂರ್ವ ಕರಾವಳಿಯಲ್ಲಿ ಉತ್ತರಕ್ಕೆ ಬರುತ್ತಿದ್ದಂತೆ ಅವನು ಕಂಡದ್ದು ಅರಬರು, ಗುಜರಾತಿಗಳು ತಲೆಮಾರುಗಳಿಂದ ವ್ಯಾಪಾರ ನಡೆಸುತ್ತಿದ್ದ ಬಂದರುಗಳು. ಮಾಲಿಂದಿಯ ಅರಸನೇ ದಾರಿ ಬಲ್ಲ ನಾವಿಕನೊಬ್ಬನನ್ನು ಜೊತೆಮಾಡಿ ಕಳಿಸಿದ. ಅವನು ಗುಜರಾತಿನವನೆಂದು ಪೋರ್ಚುಗೀಸ್ ಇತಿಹಾಸಕಾರ ಬರ್ರೋಸನೇ ಬರೆದಿದ್ದಾನೆ. ಏಪ್ರಿಲ್ 24ಕ್ಕೆ ಹೊರಟ ಹಡಗುಗಳಿಗೆ ಮೇ 18ಕ್ಕೆ ಮಲಬಾರಿನ ಬೆಟ್ಟಗಳು ಕಂಡವು. ಬೇರೆಯವರು ಕೈಹಿಡಿದು ಕರೆತಂದ ದಾರಿಯನ್ನು ಇವನು ಕಂಡುಹಿಡಿದ ಎಂದರೆ ಹೇಗೆ ಒಪ್ಪುವುದು?

ಕಲ್ಲಿಕೋಟೆಯಲ್ಲಿ ಆದದ್ದನ್ನು ಅವನ ಹಡಗಿನವನೇ ಒಬ್ಬ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ದಡಕ್ಕೆ ಮೊದಲು ಕಳಿಸಿದ ಆಳನ್ನು ಊರಿನವರು ಕರೆದೊಯ್ದದ್ದು ಟ್ಯೂನಿಸ್‌ನಿಂದ ಬಂದು ನೆಲೆಸಿದ್ದ ಇಬ್ಬರು ಮುಸ್ಲಿಮರ ಬಳಿಗೆ. ಅವರಿಗೆ ಸ್ಪೇನಿನ ಮಾತೂ ಇಟಲಿಯ ಜಿನೋವಾದ ಮಾತೂ ಬರುತ್ತಿತ್ತು! ಮೆಡಿಟರೇನಿಯನ್ ತೀರದವರು ಆಗಲೇ ಅಲ್ಲಿ ಮನೆ ಮಾಡಿಕೊಂಡಿದ್ದರು. ಅದೂ ಹೊಸತಲ್ಲ. ಅದಕ್ಕೂ ಮುನ್ನೂರೈವತ್ತು ವರ್ಷ ಹಿಂದೆ, 12ನೇ ಶತಮಾನದಲ್ಲಿ, ಟ್ಯುನೀಸಿಯಾದ ಮಹ್ದಿಯಾದಲ್ಲಿ ಹುಟ್ಟಿದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ನಮ್ಮ ಮಂಗಳೂರಿನಲ್ಲಿ ಹದಿನೇಳು ವರ್ಷ ಬದುಕಿದ್ದ. ಅವನ ಆಳು ಬೊಮ್ಮ ಸರಕಿನೊಂದಿಗೆ ಏಡನ್‌ಗೆ ಹೋಗಿಬರುತ್ತಿದ್ದ. ಆ ಪತ್ರಗಳು ಕೈರೋದ ಹಳೆಯ ಸಿನಗಾಗ್‌ನಲ್ಲಿ ಸಿಕ್ಕವು. ಇಬ್ನ್ ಬತೂತ 14ನೇ ಶತಮಾನದಲ್ಲೇ ಹೊನ್ನಾವರ ನೋಡಿ ಬರೆದ. ವಿಜಯನಗರದ ಲಾಯಗಳಿಗೆ ಅರಬ್ ಕುದುರೆಗಳು ಬಂದಿಳಿಯುತ್ತಿದ್ದದ್ದು ಭಟ್ಕಳದಂಥ ಬಂದರುಗಳಲ್ಲಿ. ಇವರೆಲ್ಲ ಬಂದದ್ದು ಯಾವ ದಾರಿಯಿಂದ?

ದಾರಿ ತನ್ನದಲ್ಲವೆಂದು ಗಾಮನ ಮರುಪ್ರಯಾಣವೇ ಸಾರುತ್ತದೆ. ಕಾರವಾರದೆದುರಿನ ಅಂಜದೀವ್ ದ್ವೀಪದಲ್ಲಿ ಹಡಗುಗಳ ತಳ ಕೆರೆದು, ನೀರು ತುಂಬಿಸಿಕೊಂಡು 1498ರ ಅಕ್ಟೋಬರ್ 5ರಂದು ಹೊರಟ. ಆಫ್ರಿಕಾ ಕಡೆಗೆ ತಳ್ಳುವ ಈಶಾನ್ಯದ ಗಾಳಿ ಆಗಿನ್ನೂ ಬಲ ಹಿಡಿದಿರುವುದಿಲ್ಲ. ಕಾದು ಹೊರಡುವುದು ಈ ಕಡಲಿನವರ ರೂಢಿ; ಅವನು ಕಾಯಲಿಲ್ಲ. ಬರುವಾಗ ಮೂರೂವರೆ ವಾರ ಹಿಡಿದ ಕಡಲು ಹೋಗುವಾಗ ಸುಮಾರು ಮೂರು ತಿಂಗಳು ಹಿಡಿಯಿತು. ಒಸಡು ಬಾತು ಹಲ್ಲು ಮುಚ್ಚುವ ಸ್ಕರ್ವಿ ರೋಗಕ್ಕೆ ಆ ಒಂದು ದಾಟಿನಲ್ಲೇ ಮೂವತ್ತು ಜನ ಸತ್ತರು. ಒಂದೊಂದು ಹಡಗಿನಲ್ಲಿ ಕೆಲಸಕ್ಕೆ ಉಳಿದವರು ಏಳೆಂಟು ಮಂದಿ. ಕೊನೆಗೆ ನಡೆಸಲು ಆಳಿಲ್ಲದೆ ಒಂದು ಹಡಗನ್ನು ಸುಟ್ಟೇಬಿಟ್ಟರು.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಡ. ಭೂಮಿ ಗುಂಡಗಿದೆಯೆಂದು ತೋರಿಸಲು ಕೊಲಂಬಸ್ ಹೊರಟದ್ದಲ್ಲ. ಅದು ಓದಿದವರಿಗೆಲ್ಲ ಗೊತ್ತಿತ್ತು, ಜಗಳವಿದ್ದದ್ದು ಅದರ ಅಳತೆಯ ಬಗ್ಗೆ, ತಪ್ಪಿದ್ದವನು ಕೊಲಂಬಸನೇ. ಗ್ರೀನ್ ಕಾರ್ಡ್ ಇದ್ದರೆ ಷೆಂಗೆನ್ ವೀಸಾ ಬೇಡವೆನ್ನುವುದು ಶುದ್ಧ ಸುಳ್ಳು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅದು ಬೇಕೇ ಬೇಕು, ಅಝೋರ್ಸ್ ಕೂಡ ಪೋರ್ಚುಗಲ್ಲಿನದೇ.

ನಾವು ಕೇಳಿದ್ದನ್ನೆಲ್ಲ ನಂಬಿಬಿಡುವ ಜನವಾಗುತ್ತಿದ್ದೇವೆ ಎಂಬುದೇ ನನ್ನ ಚಿಂತೆ. ಎರಡು ಅಂಕದ ಪ್ರಶ್ನೆಗೆ ಬಾಯಿಪಾಠ ಮಾಡಿದ ಉತ್ತರವನ್ನು ಎಪ್ಪತ್ತರ ವಯಸ್ಸಿನಲ್ಲೂ ಬಿಡುವುದಿಲ್ಲ. ಗೈಡ್ ಇಯರ್‌ಫೋನಿನಲ್ಲಿ ಹೇಳಿದ್ದೇ ಪ್ರಮಾಣ. ಇನ್ನೊಂದು ಬದಿಯಲ್ಲಿ, ಆ ಗುಜರಾತಿ ನಾವಿಕನ ಹಡಗು ಗಾಮನದಕ್ಕಿಂತ ಎಷ್ಟೋ ಪಟ್ಟು ದೊಡ್ಡದಿತ್ತೆಂಬ ಆಧಾರವಿಲ್ಲದ ವಾಟ್ಸಾಪ್ ಸಂದೇಶವನ್ನೂ ಹಾಗೆಯೇ ಮುಂದಕ್ಕೆ ತಳ್ಳುತ್ತೇವೆ. ಗಾಮನ ಹಡಗಿನ ಆ ದಿನಚರಿ 1898ರಲ್ಲೇ ಇಂಗ್ಲಿಷಿಗೆ ಬಂದಿದೆ. ಹಡಗಿನಲ್ಲಿ ನೀರು ಬಿಟ್ಟರೆ ಬೇರೇನೂ ಕಾಣದ ಆರೇಳು ದಿನ ಇರುತ್ತವಲ್ಲ, ಆಗ ಓದಿ ಮುಗಿಸಬಹುದು.

ಓದಿಕೊಂಡು ಬೆಲೆಮ್‌ನಲ್ಲಿ ಇಳಿಯಿರಿ. ಜೆರೋನಿಮೊಸ್ ಮಠದಲ್ಲಿ ಗಾಮನ ಸಮಾಧಿಯಿದೆ. ಆ ಮಠ ಎದ್ದದ್ದು ಆಫ್ರಿಕಾ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ಹಾಕಿದ ತೆರಿಗೆಯಿಂದ. ಆ ಪೂರ್ವದ ವ್ಯಾಪಾರದಲ್ಲಿ ನಮ್ಮ ಕರಾವಳಿಯ ಮೆಣಸೂ ಇತ್ತು; ಮುಂದೆ ಪೋರ್ಚುಗೀಸರು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಕರಿಮೆಣಸಿನ ರಾಣಿ ಎಂದೇ ಕರೆದರು. ಮಠದಿಂದ ನದಿಯ ಕಡೆಗೆ ದಾಟಿದರೆ 1960ರಲ್ಲಿ ಕಟ್ಟಿದ ಸ್ಮಾರಕ. ಅದರ ಮೇಲೆ 33 ಜನರ ಕಲ್ಲಿನ ಮೂರ್ತಿಗಳು: ರಾಜಕುಮಾರ ಹೆನ್ರಿ, ಗಾಮ, ಪಾದ್ರಿಗಳು, ಕವಿಗಳು. ಮೊಮ್ಮಕ್ಕಳನ್ನು ಅದರ ಬುಡದಲ್ಲಿ ನಿಲ್ಲಿಸಿ, ಮಾಲಿಂದಿಯಿಂದ ಬಂದ ಆ ನಾವಿಕ ಇವರಲ್ಲಿ ಯಾರೆಂದು ಹುಡುಕಲು ಹೇಳಿ.