ಮುಗಿಲೇರುವ ಮೆಟ್ಟಿಲುಗಳು

ಈಜು ಕಲಿಯಬಂದ ಹುಡುಗನನ್ನು ಯಾರೂ ಮೊದಲ ದಿನವೇ ತುಂಬಿದ ಹೊಳೆಗೆ ತಳ್ಳುವುದಿಲ್ಲ. ಬೆನ್ನಿಗೆ ಸೋರೆಬುರುಡೆ ಕಟ್ಟಿ ಬಾವಿಗಿಳಿಸುತ್ತಾರೆ. ಕೈಕಾಲು ಪಳಗಿದ ಮೇಲೆ ಬುರುಡೆ ಬಿಚ್ಚುತ್ತಾರೆ. ಹೊಳೆಯ ಮಾತು ಆಮೇಲೆ. ವಾಯುಪಡೆಯ ವೈಮಾನಿಕರ ಶಿಕ್ಷಣವೂ ಇದೇ ಕ್ರಮದ್ದು. ಯುದ್ಧವಿಮಾನವನ್ನೇರುವ ಮುನ್ನ ಶಿಕ್ಷಾರ್ಥಿಯು ಹಲವು ಬಗೆಯ ತರಬೇತಿ ವಿಮಾನಗಳನ್ನು ದಾಟಿ ಬರಬೇಕು. ಒಂದೊಂದಕ್ಕೂ ಒಂದೊಂದು ಪಾಠ. ನಡುವಿನ ಪಾಠವೊಂದು ತಪ್ಪಿದರೆ ಆಗುವ ಹಾನಿ ಎಂಥದೆಂಬುದನ್ನು ಭಾರತೀಯ ವಾಯುಪಡೆ ಬಹು ದೊಡ್ಡ ಬೆಲೆ ತೆತ್ತು ಅರಿತಿದೆ.

ಮೊದಲ ಮೆಟ್ಟಿಲಿನ ವಿಮಾನಕ್ಕೆ ಬೇಕಾದ ಗುಣ ಕ್ಷಮೆ. ಅದು ತಪ್ಪನ್ನು ಕೂಡಲೇ ಎತ್ತಿ ತೋರಿಸಬೇಕು. ಆದರೆ ಆ ತಪ್ಪಿಗೆ ಪ್ರಾಣವನ್ನು ಕೇಳಬಾರದು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡು, 1951ರಲ್ಲಿ ಮೊದಲು ಹಾರಿದ ಎಚ್‌ಟಿ-2 ಈ ಮೆಟ್ಟಿಲಿಗೆಂದೇ ಹುಟ್ಟಿದ್ದು. ಒಂದರ ಹಿಂದೊಂದು ಎರಡು ಆಸನ, ಮೂಗಿನಲ್ಲಿ ಪಂಖ, ಬಾಲದಡಿ ಪುಟ್ಟ ಚಕ್ರ. ವೇಗ ಗಂಟೆಗೆ 200 ಕಿ.ಮೀ. ಆಸುಪಾಸು. ಬಾಲಚಕ್ರದ ವಿಮಾನ ನೆಲಕ್ಕಿಳಿದು ಓಡುವಾಗ ಕಾಲು ಕೊಂಚ ಮೈಮರೆತರೂ ಅಡ್ಡ ತಿರುಗುತ್ತದೆ. ಅದರಲ್ಲಿ ಕಲಿತವರ ಪಾದಗಳಿಗೆ ಎಚ್ಚರವೇ ಅಭ್ಯಾಸವಾಗುತ್ತಿತ್ತು.

ಗಿರಕಿಯ ಪಾಠವೂ ಇಲ್ಲಿಯದೇ. ವೇಗ ತೀರ ಕುಂದಿದಾಗ ರೆಕ್ಕೆಗಳು ಗಾಳಿಯ ಆಸರೆ ಕಳೆದುಕೊಳ್ಳುತ್ತವೆ. ವಿಮಾನ ಬುಗುರಿಯಂತೆ ತಿರುಗುತ್ತ ಕೆಳಗುರುಳಬಹುದು. ಆಗ ಎಂಜಿನಿನ ಬಲ ತಗ್ಗಿಸಿ, ತಿರುಗುವ ದಿಕ್ಕಿಗೆ ಎದುರಾಗಿ ಕಾಲೊತ್ತಿ, ಹಿಡಿಕೋಲನ್ನು ಮುಂದಕ್ಕೆ ತಳ್ಳಬೇಕು. ಬೀಳುತ್ತಿರುವಾಗ ವಿಮಾನದ ಮೂಗನ್ನು ಇನ್ನೂ ಕೆಳಗೊತ್ತಲು ಮನಸ್ಸು ಒಪ್ಪದು. ಬೋಧಕನು ಜೊತೆಗಿರುವಾಗಲೇ ಆ ಹೆದರಿಕೆಯನ್ನು ಗೆದ್ದುಬಿಡಬೇಕು.

ಎರಡನೆಯ ಮೆಟ್ಟಿಲು ಜೆಟ್. ಘಾಟಗೆಯವರ ಬಳಗವೇ ನಿರ್ಮಿಸಿದ ಕಿರಣ್ 1964ರಲ್ಲಿ ಮೊದಲು ಹಾರಿತು. ಇದರ ಗರಿಷ್ಠ ವೇಗ ಗಂಟೆಗೆ ಸುಮಾರು 700 ಕಿ.ಮೀ. ಕಣ್ಣಿಗೆ ಕಂಡ ಮೇಲೆ ಯೋಚಿಸಿದರೆ ಇಲ್ಲಿ ಕಾಲ ಮೀರಿರುತ್ತದೆ. ಬುದ್ಧಿಯು ವಿಮಾನಕ್ಕಿಂತ ಮುಂದೆ ಹಾರಬೇಕು. ಆಸನಗಳು ಅಕ್ಕಪಕ್ಕದಲ್ಲಿರುವುದರಿಂದ ಶಿಕ್ಷಾರ್ಥಿಯ ಕೈಯ ತಡವರಿಕೆಯೂ ಮುಖದ ಗಾಬರಿಯೂ ಬೋಧಕನಿಗೆ ಒಡನೆ ಕಾಣುತ್ತವೆ.

ಮೂರನೆಯ ಮೆಟ್ಟಿಲು ಯುದ್ಧವಿಮಾನದ ಹೊಸ್ತಿಲು. ಇಲ್ಲಿ ಬೋಧಕನು ಹಿಂದಿನ ಆಸನಕ್ಕೆ ಸರಿಯುತ್ತಾನೆ. ಶಿಕ್ಷಾರ್ಥಿಯ ಮುಂದಿರುವುದು ಆಕಾಶವೊಂದೇ. ಗುರಿಯಿಡುವುದನ್ನೂ ಕಾದಾಟದ ಕ್ರಮವನ್ನೂ ಅವನು ಕಲಿಯುವುದು ಈ ಹಂತದಲ್ಲಿ.

ಈ ಮೆಟ್ಟಿಲೇ ಬಹುಕಾಲ ಇರಲಿಲ್ಲ. ಕಿರಣ್‌ನಂಥ ಸಾಧು ಜೆಟ್‌ನಿಂದ ಇಳಿದ ತರುಣರು ಶಬ್ದದ ಎರಡರಷ್ಟು ವೇಗದ ಮಿಗ್-21ನ್ನು ಏರಬೇಕಾಗಿತ್ತು. ಗಂಟೆಗೆ 300 ಕಿ.ಮೀ. ಮೀರಿದ ವೇಗದಲ್ಲಿ ನೆಲ ಮುಟ್ಟುವ ವಿಮಾನವದು. ಜೋಡಿ ಆಸನದ ಮಿಗ್ ಇದ್ದರೂ ಅದರ ಸ್ವಭಾವ ಬೇರೆಯಲ್ಲ. 1982ರಲ್ಲಿ ಏರ್ ಮಾರ್ಷಲ್ ಲಾ ಫಾಂಟೇನ್ ಸಮಿತಿಯು ಉನ್ನತ ಜೆಟ್ ತರಬೇತಿ ವಿಮಾನ ಬೇಕೇಬೇಕೆಂದಿತು. ಬ್ರಿಟನ್ನಿನ ಹಾಕ್ ವಿಮಾನಕ್ಕಾಗಿ ಒಪ್ಪಂದವಾದದ್ದು 2004ರಲ್ಲಿ. ಅದು ಬೀದರಿನ ನೆಲೆಯಲ್ಲಿ ಸೇವೆಗೆ ಸೇರಿದ್ದು 2008ರಲ್ಲಿ. ನಡುವೆ ಕಳೆದವು 26 ವರ್ಷ. ಆ ಅವಧಿಯ ಮಿಗ್ ಅಪಘಾತಗಳಲ್ಲಿ ಅನೇಕ ತರುಣರು ಮಡಿದರು. ಎಲ್ಲಕ್ಕೂ ಇದೊಂದೇ ಕಾರಣವೆನ್ನಲಾಗದು. ಆದರೆ ಇಲ್ಲದ ಮೆಟ್ಟಿಲಿನ ಮೇಲೆ ಕಾಲಿಡಹೇಳಿದ್ದು ಅವರ ತಪ್ಪಲ್ಲ.

ಮೇಲಿನ ಮೆಟ್ಟಿಲು ಸಿದ್ಧವಾಗುತ್ತಲೇ ಕೆಳಗಿನದು ಕುಸಿಯಿತು. ಎಚ್‌ಟಿ-2ರ ಸ್ಥಾನಕ್ಕೆ ಬಂದಿದ್ದ ದೀಪಕ್ ವಿಮಾನದ ಎಂಜಿನ್ ಹಾರಾಟದ ನಡುವೆ ಮತ್ತೆ ಮತ್ತೆ ಕೈಕೊಡುತ್ತಿತ್ತು. 2009ರ ಜುಲೈನಲ್ಲಿ ಹೈದರಾಬಾದ್ ಸಮೀಪ ಇಬ್ಬರು ವೈಮಾನಿಕರು ಮಡಿದ ಮೇಲೆ ಅದರ ಹಾರಾಟ ನಿಂತಿತು. ಹೊಸಬರು ನೇರವಾಗಿ ಕಿರಣ್ ಜೆಟ್‌ನಲ್ಲೇ ಅಕ್ಷರಾಭ್ಯಾಸ ಮಾಡಬೇಕಾಯಿತು. 2013ರಲ್ಲಿ ಸ್ವಿಟ್ಜರ್ಲೆಂಡಿನ ಪಿಲಾಟಸ್ ಬಂದು ಆ ತೆರವನ್ನು ತುಂಬಿತು. ಬೆಂಗಳೂರಿನಲ್ಲೇ ರೂಪುಗೊಂಡ ಎಚ್‌ಟಿಟಿ-40 ಮೊದಲು ಹಾರಿದ್ದು 2016ರಲ್ಲಿ. 70 ವಿಮಾನಗಳಿಗೆ ಒಪ್ಪಂದವಾದದ್ದು 2023ರಲ್ಲಿ.

ಮಿಗ್-21 ಕೂಡ 2025ರ ಸೆಪ್ಟೆಂಬರಿನಲ್ಲಿ ನಿವೃತ್ತವಾಯಿತು. ಯುದ್ಧವಿಮಾನದ ಆರ್ಭಟಕ್ಕೆ ಜನ ತಲೆಯೆತ್ತಿ ನೋಡುತ್ತಾರೆ. ತರಬೇತಿ ವಿಮಾನದತ್ತ ಯಾರೂ ನೋಡುವುದಿಲ್ಲ. ಆದರೆ ಹೊಳೆಯನ್ನು ಈಜಿ ದಡ ಸೇರಿದವನಿಗೆ ಬಾವಿಯ ಆ ಸೋರೆಬುರುಡೆಯ ಬೆಲೆ ಗೊತ್ತು.